ಬಾಗಿಲ ಮೇಲಿನ ನೆಗ್ಗು

ನಮ್ಮ ರ‍್ಯಾಲಿ ಕಾರು ಗುಜರಿ ಸೇರಿ ಎಷ್ಟೋ ವರ್ಷವಾಗಿತ್ತು. ಹಳೇ ಫೋಟೋ ನೋಡಿಕೊಂಡು ಥೇಟ್ ಹಾಗೇ ಇನ್ನೊಂದು ಕಟ್ಟಿಸಿದೆ. ಹೊಸ ಬಾಗಿಲಿಗೆ ನಾನೇ ಸುತ್ತಿಗೆಯಲ್ಲಿ ಬಡಿದು ನೆಗ್ಗಿಸಿದಾಗ ಮೆಕ್ಯಾನಿಕ್ ತಲೆ ಚಚ್ಚಿಕೊಂಡ.

"ನೆಗ್ಗೂ ಬೇಕಾ ಸಾರ್?"

"ಬೇಕು. ನಮ್ಮನೆಯವಳಿಗೆ ಗುರುತು ಸಿಗಬೇಕು."

ಆಗೆಲ್ಲ ರೇಸಿನಲ್ಲಿ ಪಕ್ಕ ಕೂತು ನನಗೆ ದಾರಿ ಹೇಳುತ್ತಿದ್ದವಳು ಅವಳೇ. ಈಗ ಮರೆವಿನ ಕಾಯಿಲೆ.

ಕಾರಿನ ಹತ್ತಿರ ಕರೆತಂದೆ. ನೆಗ್ಗು ಸವರಿ ನಕ್ಕಳು. ತಾನೇ ಎಡಗಡೆ ಹತ್ತಿ ಬೆಲ್ಟ್ ಬಿಗಿದುಕೊಂಡಳು.

"ನಮ್ಮ ಕಾರು!"

ನನ್ನ ಕಣ್ಣು ತುಂಬಿತು. ಓಡಿಹೋಗಿ ಸ್ಟಿಯರಿಂಗ್ ಹಿಡಿದು ಕೂತೆ.

ಅವಳು ಗಾಬರಿಯಾದಳು. "ಆ ಸೀಟಲ್ಲಿ ಬೇರೆ ಯಾರಾದ್ರೂ ಕೂತರೆ ನಮ್ಮನೆಯವರಿಗೆ ಆಗಲ್ಲ. ಬೇಗ ಇಳೀರಿ ಸ್ವಾಮಿ, ಅವರು ಬರೋ ಹೊತ್ತಾಯ್ತು."