ಐದು ದನಿ

ಗುಡ್ಡದ ನೆತ್ತಿಯ ಕಾವಲು ನೆಲೆಯಲ್ಲಿ ಐವರು ಸಿಪಾಯಿಗಳಿದ್ದರು. ಮೊದಲ ದಿನದ ಗುಂಡಿನ ಮಳೆಗೇ ನಾಲ್ವರು ಹೋದರು. ಉಳಿದವನು ಆ ನಾಲ್ವರಿಗೂ ಕಂಬಳಿ ಹೊದಿಸಿದ. ಶತ್ರುವಿನ ನೆಲೆ ಕೂಗಳತೆಯಲ್ಲೇ ಇತ್ತು. ಇಲ್ಲಿರುವುದು ಒಬ್ಬನೇ ಎಂದು ಗೊತ್ತಾದರೆ ಏರಿ ಬಂದೇಬಿಡುತ್ತಾರೆ.

ಊರಿನ ಬಯಲಾಟದಲ್ಲಿ ರಾಜನೂ ರಕ್ಕಸನೂ ತಾನೇ ಆಗಿ ಕುಣಿದವನು ಅವನು. ಐದೂ ಬಂದೂಕುಗಳನ್ನು ಸರದಿಯ ಮೇಲೆ ಹಾರಿಸಿದ. ಸತ್ತ ಹವಾಲ್ದಾರನಂತೆ ಗಟ್ಟಿಯಾಗಿ ಕೆಮ್ಮಿದ. ಸತ್ತ ಗೆಳೆಯನ ದನಿಯಲ್ಲಿ, "ಊಟಕ್ಕ ಬರ್ರೋ!" ಎಂದು ಕೂಗಿದ. ತನ್ನ ದನಿಯಲ್ಲಿ, "ಬಂದ್ನಿ, ತಡಿಯೋ!" ಎಂದು ತಾನೇ ಉತ್ತರ ಕೊಟ್ಟ.

ಆಚೆಯಿಂದಲೂ ಗುಂಡು ಬರುತ್ತಲೇ ಇತ್ತು. ನಡುನಡುವೆ ತಿಳಿಯದ ಭಾಷೆಯಲ್ಲಿ ಬೈಗುಳ, ಹಾಡು, ನಗು. ಅವರಿಗೇನು, ಮಾತಿಗೆ ಜನ ಇದ್ದಾರೆ ಎಂದು ಅವನ ಹೊಟ್ಟೆ ಉರಿಯಿತು.

ನಾಲ್ಕನೆಯ ಬೆಳಗ್ಗೆ ಅವನು ಹಾರಿಸಿದ ಒಂದು ಗುಂಡಿಗೆ ಆಚೆ ಎಲ್ಲವೂ ಸ್ತಬ್ಧವಾಯಿತು. ಅಷ್ಟರಲ್ಲಿ ಇವನ ಕಡೆಯ ಪಡೆ ಬಂತು. ಸುಬೇದಾರ ಆಚೆಯ ನೆಲೆಯನ್ನು ಹೊಕ್ಕು ನೋಡಿ, ಇವನಿದ್ದಲ್ಲಿಗೆ ಹತ್ತಿ ಬಂದ.

"ಅಲ್ಲಿ ಎಷ್ಟ್ ಮಂದಿ ಇದ್ರರೀ, ಸಾಹೇಬ್ರ?"

"ಐದು."

"ನಾ ಒಬ್ಬನ ಐದ್ ಮಂದೀನ ತಡದ್ನೇನ್ರಿ?"

ಸುಬೇದಾರ ಕಂಬಳಿ ಹೊದ್ದ ನಾಲ್ವರ ಕಡೆ ನೋಡುತ್ತ ನಿಂತ. ಆಮೇಲೆ ನಿಧಾನವಾಗಿ ಹೇಳಿದ:

"ನಾಕು ಹೆಣ ಮೂರ್ ದಿನದ್ವು, ಯಾರೋ ಕಂಬಳಿ ಹೊಚ್ಚಿದ್ರು. ಐದನೇದಷ್ಟ ಇನ್ನೂ ಬಿಸಿ ಇತ್ತು."