ಚದುರಿಸಲಾಯಿತು

"ಕೊಲ್ಲಲಾಯಿತು ಅನ್ನೋ ಪದ ಆ ಕಲ್ಲಿನ ಮೇಲೆ ಬರೋದಿಲ್ಲ," ಎಂದು ಮೇಯರ್ ಗ್ರೇಮ್ ಹ್ಯಾಡ್ಲೋ ತೆಂಗಿನತುರಿ ಮೆತ್ತಿದ ಕೇಕನ್ನು ಬಾಯಿಗೆ ಹಾಕಿಕೊಂಡ. ತುರಿ ಟೈ ಮೇಲೆಲ್ಲ ಉದುರಿತು. ಎದುರು ಕೂತಿದ್ದ ವೆರ್ನಾ ಮುಖ ಆಚೆ ತಿರುಗಿಸಿದಳು.

ಹತ್ತೇ ನಿಮಿಷದ ಹಿಂದೆ ಇದೇ ಬಾಯಿ, ಈ ನೆಲದ ಮೂಲ ಒಡೆಯರಿಗೆ ನಮನ ಎಂದು ಕಾರ್ಡು ನೋಡಿ ಓದಿತ್ತು. ಪ್ರತಿ ಸಭೆಗೂ ಓದುತ್ತಾರೆ. ಓದಿ ಕಾರ್ಡನ್ನು ಡ್ರಾಯರಿಗೆ ಹಾಕುತ್ತಾರೆ.

ಟಾಲ್ಗಾರಾ ಪುರಸಭೆಯಲ್ಲಿ ಮೂರು ತಿಂಗಳಿಂದ ಒಂದೇ ಜಗಳ. ಊರಾಚೆಯ ಮಡುವಿನ ದಂಡೆಯಲ್ಲಿ ಒಂದು ಹಳೇ ಕಲ್ಲಿದೆ. '1872ರಲ್ಲಿ ಈ ಸ್ಥಳದಲ್ಲಿ ಮೂಲನಿವಾಸಿಗಳನ್ನು ಚದುರಿಸಲಾಯಿತು' ಎಂದು ಅದರ ಮೇಲಿದೆ. ಅಬ್ಬಾ, ಎಂಥ ಪದ. ಹಪ್ಪಳಕ್ಕೆ ಮುತ್ತಿದ ಕಾಗೆ ಚದುರಿಸಿದ ಹಾಗೆ. ಬಿಳಿಯರ ಕುದುರೆ ಸವಾರರು ಬೆಳ್ಳಂಬೆಳಗ್ಗೆ ಬಂದು, ಹೆಂಗಸರು ಮುದುಕರು ಎನ್ನದೆ ಗುಂಡಿಟ್ಟು, ಹೆಣಗಳ ಮೇಲೆ ಸೌದೆ ಒಟ್ಟಿ ಬೆಂಕಿ ಕೊಟ್ಟಿದ್ದಕ್ಕೆ ಸರಕಾರಿ ಕಡತದಲ್ಲಿ ಇಟ್ಟ ಹೆಸರು ಅದು. ಈಗ ಕಲ್ಲು ಬಿರುಕು ಬಿಟ್ಟಿದೆ, ಹೊಸದು ಕೆತ್ತಿಸಬೇಕು. ಆ ಒಂದು ಪದ ಬದಲಾಗಲಿ ಎಂಬುದಷ್ಟೇ ವೆರ್ನಾಳ ಬೇಡಿಕೆ. ಆ ಮಡುವಿನ ಮೂಲನಿವಾಸಿಗಳ ಪೈಕಿ ಊರಲ್ಲಿ ಉಳಿದ ಹಿರಿಯಳು ಅವಳೊಬ್ಬಳೇ. ಎಪ್ಪತ್ನಾಲ್ಕಾಯಿತು. ಈ ಸಲ ತಪ್ಪಿದರೆ, ಇನ್ನೊಂದು ಕಲ್ಲು ಒಡೆಯುವ ತನಕ ಅವಳೇ ಇರುವುದಿಲ್ಲ.

ಸದಸ್ಯರಲ್ಲಿ ಮೂವರು ಅವಳ ಕಡೆ, ಮೂವರು ಎದುರು ಕಡೆ. ತೀರ್ಮಾನ ಮೇಯರನ ವೋಟಿನ ಮೇಲೆ ನಿಂತಿತ್ತು.

ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುವ ಜಾಗದಲ್ಲಿ ಹೆಣದ ಸುದ್ದಿ ಯಾಕೆ ಎಂದು ಒಬ್ಬಾಕೆ ಕೇಳಿದಳು. ನಿವೃತ್ತ ಮೇಷ್ಟ್ರು ಪರ್ಸೆಲ್ ಗಂಟಲು ಸರಿಮಾಡಿಕೊಂಡು, ಎರಡೂ ಕಡೆಯವರಿಗೆ ನೋವಾಗದಂಥ ಪದ ಹುಡುಕೋಣ ಎಂದರು. 'ಘರ್ಷಣೆ' ಹೇಗೆ? ಇಲ್ಲವೆ 'ದುಃಖಕರ ಘಟನೆ'? ಸಂತೆಯಲ್ಲಿ ಬದನೆಕಾಯಿ ಆರಿಸುವ ಹಾಗೆ ಒಂದೊಂದೇ ಪದವನ್ನು ಎತ್ತಿ ನೋಡಿ ಕೆಳಗಿಟ್ಟರು. ಮೇಷ್ಟ್ರು ಒಳ್ಳೆಯವರೇ. ಇಂಥ ಒಳ್ಳೆಯವರನ್ನು ಕಂಡರೇ ವೆರ್ನಾಳಿಗೆ ಮೈಯೆಲ್ಲ ಉರಿಯುತ್ತದೆ.

"ಘರ್ಷಣೆ ಅಂದ್ರೆ ಎರಡು ಕಡೆನೂ ಸತ್ತಿರಬೇಕು ಮೇಷ್ಟ್ರೇ," ಎಂದಳು. "ಆ ಕಡೆ ಒಂದು ಕುದುರೆಗಾದ್ರೂ ತರಚಿತ್ತಾ?"

ಮೇಷ್ಟ್ರು ಟೀ ಕಪ್ಪಿನೊಳಗೆ ಇಣುಕತೊಡಗಿದರು.

ನಡೆದದ್ದನ್ನು ಅವಳು ಮತ್ತೊಂದು ಸಲ ಹೇಳಿದಳು. ಮುತ್ತಜ್ಜಿಗೆ ಆಗ ಒಂಬತ್ತು ವರ್ಷ. ವರ್ಷ ತುಂಬಿದ ತಂಗಿಯನ್ನು ಎತ್ತಿಕೊಂಡು ಜೊಂಡಿನಲ್ಲಿ ಕುತ್ತಿಗೆ ತನಕ ನೀರಲ್ಲಿ ಕೂತಿದ್ದಳು. ಕೂಸು ಅತ್ತಿತು. ಸವಾರನೊಬ್ಬ ಕೂಸನ್ನು ಕಿತ್ತುಕೊಂಡು ಹೋದ. ಇವಳು ಮುಳುಗಿ ಉಳಿದಳು. ಆಮೇಲೆ ಆ ತಂಗಿಯ ಹೆಸರನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಹೋದವರ ಹೆಸರು ಹೇಳುವುದು ಅವರಲ್ಲಿ ಪದ್ಧತಿಯಲ್ಲ.

ಈ ಕತೆ ಹೇಳಿದ ಅಜ್ಜಿಯೇ ಒಮ್ಮೆ ವೆರ್ನಾಳ ಕೆನ್ನೆಗೆ ಬಾರಿಸಿದ್ದಳು, ಹ್ಯಾಡ್ಲೋ ಮನೆಯವರಿಗೆ ಶಾಪ ಹಾಕಿದ್ದಕ್ಕೆ. ಊರಲ್ಲಿ ಯಾರನ್ನು ಬೇಕಾದರೂ ಬಯ್ಯಿ, ಆ ಮನೆಯ ಮಕ್ಕಳ ತಂಟೆಗೆ ಹೋಗಬೇಡ ಎಂದಿದ್ದಳು. ಧಣಿಗಳೆಂದರೆ ಮುದುಕಿಗೆ ಅಷ್ಟು ಹೆದರಿಕೆ ಎಂದು ವೆರ್ನಾ ಬಹಳ ವರ್ಷ ಅಂದುಕೊಂಡಿದ್ದಳು.

"ಸುಳ್ಳು ಹೇಳಿ ನನಗೇನಾಗಬೇಕು ತಮ್ಮಾ," ಎಂದಳು ಮೇಯರನಿಗೆ.

"ನಾನು ನಿಮ್ಮ ತಮ್ಮ ಅಲ್ಲ. ಮೇಯರ್ ಅನ್ನಿ."

ದನಿ ಏರಿದ್ದು ಅವನಿಗೇ ಗೊತ್ತಾಗಿ ನಕ್ಕ. ನಮ್ಮ ಮುತ್ತಜ್ಜಿ ಸ್ಪೇನ್ ದೇಶದವಳು, ಆ ಬಿಸಿರಕ್ತ ಹೀಗೆ ಆಗಾಗ ಕುದಿಯುತ್ತೆ ಎಂದ. ಚುನಾವಣೆ ಬಂದಾಗಲೆಲ್ಲ ಹೇಳುವ ನಗೆಹನಿ ಅದು. ಸದಸ್ಯರು ಮರ್ಯಾದೆಗೆ ನಕ್ಕರು.

ಆಮೇಲೆ ನಿಯಮ ತೆಗೆದ. "ಒಂದು ಮನೆಯವರ ಬಾಯಿಮಾತು ಸಾಲದು. ಮಡುವಿನಲ್ಲಿ ಉಳಿದವರ ಇನ್ನೊಂದು ಮನೆ ತೋರಿಸಿ, ಕಾಗದ ತೋರಿಸಿ. ನನ್ನ ವೋಟು ನಿಮಗೇ. ಇದನ್ನ ಹಾಗೇ ಬರ್ಕೊಳ್ಳಮ್ಮ," ಎಂದು ಗುಮಾಸ್ತೆಗೆ ಹೇಳಿದ. ಇನ್ನೊಂದು ಮನೆ ಇಲ್ಲವೆಂಬುದು ಅವನಿಗೆ ಖಾತ್ರಿ. ಒಬ್ಬರೂ ಉಳಿಯದ ಹಾಗೆ ಕೊಂದು, ಈಗ ಉಳಿದವರ ಸಾಕ್ಷಿ ಕೇಳುತ್ತಾರಲ್ಲ, ಥೂ, ಇವರ ಜನ್ಮಕ್ಕಿಷ್ಟು ಎಂದುಕೊಂಡಳು ವೆರ್ನಾ.

ಕಾಗದ ಅವಳ ಕೈಚೀಲದಲ್ಲೇ ಇತ್ತು. ರಾಜಧಾನಿಯ ದಾಖಲೆ ಕೋಣೆಯಲ್ಲಿ ಹೋದ ವರ್ಷ ಸಿಕ್ಕಿದ ಹಳೇ ಪತ್ರದ ನಕಲು. ಅದನ್ನು ತೆಗೆಯುವುದೇ ಇಲ್ಲವೆಂದು ಇಷ್ಟು ದಿನ ಹಟ ಹಿಡಿದಿದ್ದಳು. ತೆಗೆದರೆ ನಾಲ್ಕು ಜನರ ಮುಂದೆ ಒಂದು ನಂಟನ್ನು ಒಪ್ಪಿಕೊಂಡ ಹಾಗೆ. ನೆನೆದರೇ ಹೇಸಿಗೆ ತುಳಿದಷ್ಟು ಅಸಹ್ಯವಾಗುತ್ತಿತ್ತು. ಆದರೆ ಪದ ಬೇಕಿತ್ತಲ್ಲ.

"ಓದು," ಎಂದು ಮೇಜಿನ ಮೇಲೆ ತಳ್ಳಿದಳು.

ಬರೆದವಳು ಆಗಿನ ಕುರಿಸಾಕಣೆಯ ಮೇಲ್ವಿಚಾರಕನ ಹೆಂಡತಿ, ಬರೆದದ್ದು ತನ್ನ ಅಕ್ಕನಿಗೆ. ಬಿಳಿಯ ಹೆಂಗಸಿನ ಪತ್ರವೆಂದು ಕಂಡದ್ದೇ ಮೇಯರನಿಗೆ ಹುರುಪು ಬಂತು. ಮುದುಕಿ ತಾನಾಗಿ ತನ್ನ ಕಡೆಯ ಸಾಕ್ಷಿ ತಂದುಕೊಟ್ಟಳು ಎಂದುಕೊಂಡನೋ ಏನೋ, ಕನ್ನಡಕ ಏರಿಸಿ ಎಲ್ಲರಿಗೂ ಕೇಳುವಂತೆ ಓದಿದ.

"'ಮಡುವಿನ ಹತ್ತಿರ ಎಲ್ಲರನ್ನೂ ಕೊಂದು ಬಂದರು. ನಮ್ಮವರು ಒಂದು ಹೆಣ್ಣು ಕೂಸನ್ನು ತಂದಿದ್ದಾರೆ. ನನಗಂತೂ ಮಕ್ಕಳಾಗಲಿಲ್ಲ, ಇದನ್ನೇ ಸಾಕಿಕೊಳ್ಳುತ್ತೇನೆ. ಮೈಬಣ್ಣ ನೋಡಿ ಯಾರಾದರೂ ಕೇಳಿದರೆ ಸ್ಪೇನ್ ದೇಶದ…'"

ಓದು ನಿಂತಿತು. ಮುಂದೇನು ಎಂದು ಪರ್ಸೆಲ್ ಮೇಷ್ಟ್ರು ಕೇಳಿದರು. ಮೇಯರ್ ಕನ್ನಡಕ ತೆಗೆದು ಪತ್ರವನ್ನು ಮಗುಚಿಟ್ಟ.

"ಮುಂದೆ ಕೂಸಿಗಿಟ್ಟ ಹೆಸರಿದೆ ಮೇಷ್ಟ್ರೇ, ಇವನ ಮುತ್ತಜ್ಜಿಯ ಹೆಸರು," ಎಂದಳು ವೆರ್ನಾ. "ಇನ್ನೊಂದು ಮನೆಯವನು ಇಲ್ಲೇ ಕೂತಿದ್ದಾನೆ, ವೋಟು ಹಾಕಿಸಿ."