ಟ್ರೈಲರಿನ ನೆರಳು

ಬಿಸಿಲು ಜೀವ ತೆಗೆಯುವಷ್ಟು ಏರಿ, ಬೇಸಿಗೆಯ ಹಗಲಲ್ಲಿ ಮನುಷ್ಯರು ಹೊಲಕ್ಕಿಳಿಯುವುದು ನಿಂತು ಒಂಬತ್ತು ವರ್ಷವಾಗಿತ್ತು. ಟ್ರ್ಯಾಕ್ಟರ್ ಪ್ರೇಮಿಗಳ ಬಳಗದವರು ಮನೆಯೊಳಗೆ ಕೂತೇ, ಪರದೆ ನೋಡುತ್ತ, ಸುಗ್ಗಿಯಲ್ಲಿ ಒಬ್ಬರ ಗಾಡಿಯನ್ನು ಇನ್ನೊಬ್ಬರು ಓಡಿಸಿಕೊಡುತ್ತಿದ್ದರು. ಅಂದು ಹಾವೇರಿಯ ದ್ಯಾಮವ್ವನ ಪಾಳಿ. ಸಿಂಧನೂರಿನ ನಿರುಪಾದಿಯ ಗದ್ದೆಯಿಂದ ಭತ್ತದ ಹುಲ್ಲು ಸಾಗಿಸುತ್ತಿದ್ದಳು.

ನಡುಮಧ್ಯಾಹ್ನ ಪರದೆಯಲ್ಲಿ ಮನುಷ್ಯನೊಬ್ಬ ಕಾಣಿಸಿದ. ದ್ಯಾಮವ್ವ ಬ್ರೇಕ್ ಒತ್ತಿದಳು. ಬರಿತಲೆಯಲ್ಲಿ ಬರುತ್ತಿದ್ದವನು ನಿರುಪಾದಿಯೇ.

“ಅಯ್ಯೋ ತಮ್ಮಾ, ಒಳಗ ಹೋಗೋ! ಸುಟ್ಟುಹೋಗ್ತಿ!” ಎಂದು ಗಾಡಿಯ ಮೈಕಿನಲ್ಲಿ ಚೀರಿದಳು.

ಅವನು ನಕ್ಕು, ಎರಡು ಹೆಜ್ಜೆಯಿಟ್ಟು ಕುಸಿದುಬಿದ್ದ.

ಅವನ ಊರಿಗೆ ಫೋನ್ ಮಾಡಿದರೆ, ಬಿಸಿಲು ಬಡಿದವರನ್ನು ಆಸ್ಪತ್ರೆಗೆ ಒಯ್ಯುವ ತಂಪುಗಾಡಿ ಬರಲು ಅರ್ಧ ಗಂಟೆ ಬೇಕೆಂದರು. ಅಷ್ಟು ಹೊತ್ತು ಆ ಬಿಸಿಲಲ್ಲಿ ಬಿದ್ದು ಬದುಕಿದವರಿಲ್ಲ. ದ್ಯಾಮವ್ವ ಗಾಡಿ ತಿರುಗಿಸಿ, ಹುಲ್ಲು ತುಂಬಿದ ಟ್ರೈಲರನ್ನು, ಅವನು ಗಾಲಿಗಳ ನಡುವೆ ಬರುವಂತೆ ಹಿಂದಕ್ಕೆ ತಂದಳು. ಗೇಣು ತಪ್ಪಿದರೂ ಗಾಲಿ ಎದೆಯ ಮೇಲೆ ಹತ್ತುತ್ತಿತ್ತು. ಕೊನೆಗೆ ನೆರಳು ಅವನನ್ನು ಪೂರ್ತಿ ಮುಚ್ಚಿತು. ಉಸಿರು ಕೇಳೀತೆಂದು ಇಂಜಿನ್ ನಿಲ್ಲಿಸಿದಳು.

ಬಹಳ ಹೊತ್ತಿನ ಮೇಲೆ ಟ್ರೈಲರಿನಡಿಯಿಂದ ಕ್ಷೀಣ ದನಿ ಬಂತು.

“ಯಾಕ ಬಂದ್ ಮಾಡಿದ್ರಿ ಅಕ್ಕಾ? ಸುಗ್ಗಿಯಾಗ ಆ ಸಪ್ಪಳ ಹತ್ತಿರದಿಂದ ಕೇಳಿ ಒಂಬತ್ತು ವರ್ಷ ಆತು. ಅದನ್ನ ಕೇಳಬೇಕಂತನ ಬಂದಿದ್ದೆ.”

ದ್ಯಾಮವ್ವ ಅಳುತ್ತಲೇ ಇಂಜಿನ್ ಚಾಲೂ ಮಾಡಿದಳು.